ತೋಟದ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ? ಎರಡು ಲೆಕ್ಕಕ್ಕೆ 87 ಮೀಟರ್ ವ್ಯತ್ಯಾಸ!

ಕಕ್ಕಬ್ಬೆ ಕಾಫಿ

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ವಾರದಿಂದ ತಲೆ ತಿನ್ನುತ್ತಿದೆ. ಗೊತ್ತಿರುವವರು ಬಿಡಿಸಿ ಹೇಳಿ.

ನಮ್ಮ ತೋಟದ ಮೇಲ್ಗಡೆ, ಕೊಡಗಿನ ತಡಿಯಂಡಮೋಳ್ ಬೆಟ್ಟದ ಕಡೆಯ ಇಳಿಜಾರಿನಲ್ಲಿ ಒಂದು ಒರತೆ ಇದೆ. ಬೇಸಿಗೆಯಲ್ಲೂ ಬತ್ತುವುದಿಲ್ಲ. ಅಲ್ಲಿ ಸಣ್ಣ ಟ್ಯಾಂಕ್ ಕಟ್ಟಿ, ಮೋಟಾರ್ ಇಲ್ಲದೆ ಕೆಳಗಿನ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶೆಡ್‌ಗೆ ನೀರು ತರಬೇಕು ಅಂತ ಆಸೆ. ಸರ್ವೆ ಮಾಡುವ ಹುಡುಗರನ್ನು ಕರೆಸಿದೆ. ಅವರು ಕೋಲಿನ ಮೇಲೆ ಡಿಜಿಪಿಎಸ್ (ಉಪಗ್ರಹದ ಸಹಾಯದಿಂದ ಜಾಗ, ಎತ್ತರ ಅಳೆಯುವ ಮೆಷಿನ್) ಹಿಡಿದು ಟ್ಯಾಂಕ್ ಜಾಗ 1,021 ಮೀಟರ್, ಶೆಡ್ 962 ಮೀಟರ್ ಅಂತ ಬರೆದುಕೊಟ್ಟರು. ಸಂಜೆ ಮಗಳು ಅದೇ ಟ್ಯಾಂಕ್ ಜಾಗದಲ್ಲಿ ನಿಂತು ಫೋನ್ ನೋಡಿದರೆ 1,108. ಅಪ್ಪನ ಕಾಲದ, ಎತ್ತರದ ಗೆರೆ ಇರುವ ಟೋಪೋ ನಕ್ಷೆ ಬಿಚ್ಚಿದೆ. ಅದರಲ್ಲೂ 1,100ರ ಗೆರೆ ನಮ್ಮ ಒರತೆಗಿಂತ ಸ್ವಲ್ಪ ಕೆಳಗೇ ಹಾದುಹೋಗುತ್ತದೆ.

ಒಂದೆರಡು ಅಡಿ ಆಗಿದ್ದರೆ ಬಿಟ್ಟುಬಿಡುತ್ತಿದ್ದೆ. 87 ಮೀಟರ್! ಸರ್ವೆಯವರನ್ನು ಕೇಳಿದರೆ "ನಮ್ಮ ಮೆಷಿನ್ ಸೆಂಟಿಮೀಟರ್ ಲೆಕ್ಕದಲ್ಲಿ ಕರೆಕ್ಟ್ ಸರ್" ಅನ್ನುತ್ತಾರೆ. ಹಾಗಾದರೆ ನಕ್ಷೆ ತಪ್ಪಾ? ನೀರು ಇಳಿಯುತ್ತಾ ಇಲ್ವಾ?

ಸೋಮವಾರಪೇಟೆ ಹುಡುಗ

ಮೆಷಿನ್ ಕೆಟ್ಟಿರಬೇಕು ಅಣ್ಣ. ಬೇರೆಯವರನ್ನು ಕರೆಸಿ.

ಟೋಟಲ್ ಸ್ಟೇಷನ್

ಮೆಷಿನ್ ಕೆಟ್ಟಿಲ್ಲ. ನಕ್ಷೆಯೂ ತಪ್ಪಿಲ್ಲ. ಎರಡೂ ಬೇರೆ ಬೇರೆ ಸೊನ್ನೆಯಿಂದ ಎಣಿಸುತ್ತಿವೆ, ಅಷ್ಟೇ.

ಉಪಗ್ರಹಕ್ಕೆ ಸಮುದ್ರ ಎಲ್ಲಿದೆ ಅಂತ ಗೊತ್ತಿಲ್ಲ. ಅದು ಎತ್ತರ ಎಣಿಸುವುದು ಲೆಕ್ಕಕ್ಕೆಂದು ಮಾಡಿಕೊಂಡ ಒಂದು ನುಣುಪು ಆಕಾರದಿಂದ. ಮೇಲೆ ಕೆಳಗೆ ಸ್ವಲ್ಪ ಅದುಮಿದ ಗೋಳ ಅದು, ಎಲಿಪ್ಸಾಯ್ಡ್ ಅನ್ನುತ್ತೇವೆ. ಸಮಭಾಜಕದಲ್ಲಿ ಅದರ ತ್ರಿಜ್ಯ 6,378.137 ಕಿ.ಮೀ., ಧ್ರುವದಲ್ಲಿ ಸುಮಾರು 6,356.752 ಕಿ.ಮೀ. ನಕ್ಷೆಯ ಎತ್ತರ ಶುರುವಾಗುವುದು ಸರಾಸರಿ ಕಡಲ ಮಟ್ಟದಿಂದ. ಆ ಕಡಲ ಮಟ್ಟವನ್ನು ನೆಲದ ಅಡಿಗೂ ಎಳೆದುಕೊಂಡು ಬಂದರೆ ಸಿಗುವ ಮೈಗೆ ಜಿಯಾಯ್ಡ್ ಅಂತ ಹೆಸರು. ಅದು ನುಣುಪಿಲ್ಲ, ಉಬ್ಬುತಗ್ಗು ಇದೆ. ದಕ್ಷಿಣ ಭಾರತದ ಬಹುಭಾಗದಲ್ಲಿ ಜಿಯಾಯ್ಡ್ ಆ ನುಣುಪು ಗೋಳಕ್ಕಿಂತ 80–90 ಮೀಟರ್ ಕೆಳಗಿದೆ. ನಿಮ್ಮ 87 ಅದೇ.

ಆಮೇಲೆ ನಿಮ್ಮ ಹುಡುಗರ ಬಗ್ಗೆ. ಮೆಷಿನ್ ಸರಿ, ಆದರೆ "ಇದು ಎಲಿಪ್ಸಾಯ್ಡ್ ಎತ್ತರ" ಅಂತ ಕಾಗದದ ಮೇಲೆ ಬರೆಯದೇ ಇದ್ದದ್ದು ತಪ್ಪು. ನಮ್ಮ ವೃತ್ತಿಯಲ್ಲಿ ಇದು ಜಾಸ್ತಿ ಆಗುತ್ತಿದೆ. ನನಗೆ ಬೇಜಾರಾಗುತ್ತದೆ.

ಕಡಲಕರೆ

ಓ ಹಾಗಾ! ಮಂಗಳೂರಲ್ಲಿ ಪಣಂಬೂರು ಬೀಚ್‌ನಲ್ಲಿ ನಿಂತು ತಮ್ಮನ ಆಂಡ್ರಾಯ್ಡ್ ಫೋನ್‌ನಲ್ಲಿ ಒಂದು ಆ್ಯಪ್ ತೆರೆದಿದ್ದೆ. ಮೈನಸ್ 80 ಚಿಲ್ಲರೆ ಮೀಟರ್ ತೋರಿಸಿತು. ಕಾಲಿಗೆ ಅಲೆ ತಾಗುತ್ತಿದೆ, ಫೋನ್ ನನ್ನನ್ನು ಕಡಲಿನಡಿಗೆ ಇಳಿಸಿದೆ. ನನ್ನ ಫೋನ್‌ನಲ್ಲಿ 3 ಮೀಟರ್ ಅಂತ ಸರಿಯಾಗೇ ಇತ್ತು.

ಟೋಟಲ್ ಸ್ಟೇಷನ್

ಅದೇ ಕತೆ. ಕೆಲವು ಆ್ಯಪ್ ಉಪಗ್ರಹದ ಎತ್ತರವನ್ನು ಹಾಗೇ ತೋರಿಸುತ್ತವೆ. ಕೆಲವು ಒಳಗೇ ಜಿಯಾಯ್ಡ್ ಕಳೆದು ಕೂಡಿ ತೋರಿಸುತ್ತವೆ.

ಕುಶಾಲನಗರದವನು

ಇದು ಒಪ್ಪಲು ಕಷ್ಟ. ಸಮುದ್ರ ಅಂದರೆ ಸಮತಟ್ಟು ನೀರು. ನೀರಿಗೆ ಉಬ್ಬುತಗ್ಗು ಇದ್ದರೆ ಅದು ಹರಿದು ಸಮ ಆಗಬೇಕಲ್ವಾ? 87 ಮೀಟರ್ ತಗ್ಗು ಇದೆ ಅಂದರೆ ಪ್ರಪಂಚದ ನೀರೆಲ್ಲ ನಮ್ಮ ಕಡೆಗೇ ನುಗ್ಗಬೇಕಿತ್ತು.

ಗೋಣಿಕೊಪ್ಪ ಅಕ್ಕ

ಒಳ್ಳೆ ಪ್ರಶ್ನೆ. ನಾನು ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮಕ್ಕಳೂ ಇದನ್ನೇ ಕೇಳುತ್ತಾರೆ.

ಗಾರೆಯವರು ಮನೆ ಕಟ್ಟುವಾಗ ಪಾರದರ್ಶಕ ಪೈಪ್‌ನಲ್ಲಿ ನೀರು ತುಂಬಿಸಿ ಮಟ್ಟ ನೋಡುವುದನ್ನು ನೋಡಿದ್ದೀರಲ್ಲ? ಒಬ್ಬ ಈ ಮೂಲೆಯಲ್ಲಿ, ಇನ್ನೊಬ್ಬ ಆ ಮೂಲೆಯಲ್ಲಿ ಪೈಪಿನ ತುದಿ ಹಿಡಿದು ಗೋಡೆಗೆ ಪೆನ್ಸಿಲ್ ಗುರುತು ಹಾಕುತ್ತಾರೆ. ಆ ಎರಡು ಗುರುತು "ಸಮ" ಅಂತ ಹೇಳುವುದು ಯಾರು? ಭೂಮಿಯ ಸೆಳೆತ. ನೀರು ಯಾವ ಕಡೆಗೂ ಹರಿಯದೆ ನಿಂತ ಕಡೆ ಸಮ. ಇನ್ನು ಆ ಪೈಪನ್ನು ಮಡಿಕೇರಿಯಿಂದ ಮಂಗಳೂರಿನ ಕಡಲಿನವರೆಗೆ, ನೆಲದೊಳಗೆ ಹಾದು, ಎಳೆದಿದ್ದೀರಿ ಅಂದುಕೊಳ್ಳಿ. ಮಡಿಕೇರಿಯ ಅಡಿಯಲ್ಲಿ ನೀರು ನಿಂತ ಮಟ್ಟವೇ ಅಲ್ಲಿಯ ಜಿಯಾಯ್ಡ್.

ನೆಲದೊಳಗಿನ ಕಲ್ಲು ಎಲ್ಲ ಕಡೆ ಒಂದೇ ತೂಕದ್ದಲ್ಲ. ಕೆಲವು ಕಡೆ ಭಾರದ ಕಲ್ಲು, ಕೆಲವು ಕಡೆ ಹಗುರ. ಭಾರ ಇದ್ದ ಕಡೆಗೆ ನೀರು ಎಳೆದುಕೊಂಡು ಸ್ವಲ್ಪ ರಾಶಿಯಾಗುತ್ತದೆ. ಆ ರಾಶಿ ಹರಿದುಹೋಗುವುದಿಲ್ಲ, ಯಾಕೆಂದರೆ ನೀರಿನ ಪಾಲಿಗೆ ಅದೇ ಸಮತಟ್ಟು. 87 ಮೀಟರ್ ತಗ್ಗು ಕಾಣುವುದು ಆ ಲೆಕ್ಕದ ಗೋಳದ ಜೊತೆ ಹೋಲಿಸಿದಾಗ ಮಾತ್ರ.

ಕುಶಾಲನಗರದವನು

ಪೈಪ್ ಉದಾಹರಣೆಯಿಂದ ತಿಳಿಯಿತು ಮೇಡಂ. ಆದರೆ ಭಾರ ಇದ್ದ ಕಡೆ ಸೆಳೆತ ಜಾಸ್ತಿ, ಹಾಗಾಗಿ ನೀರನ್ನು ಕೆಳಗೆ ಎಳೆದು ತಗ್ಗು ಮಾಡಬೇಕು. ನೀವು ರಾಶಿಯಾಗುತ್ತದೆ ಅನ್ನುತ್ತೀರಿ?

ಗೋಣಿಕೊಪ್ಪ ಅಕ್ಕ

ಬೆಟ್ಟದ ಪಕ್ಕದ ನೀರು ಬೆಟ್ಟದ ಕಡೆಗೆ ವಾಲುತ್ತದೆ. ಸುತ್ತಲಿನ ನೀರೆಲ್ಲ ಒಂದೇ ಕಡೆಗೆ ವಾಲಿದರೆ ಅಲ್ಲಿ ಉಬ್ಬು ತಾನೇ ಆಗೋದು? ಹಾಗೆ ಯೋಚಿಸಿ.

ಹಳೇ ಓವರ್‌ಸಿಯರ್

ನಾನು 34 ವರ್ಷ ರಸ್ತೆ ಕೆಲಸ ಮಾಡಿ ರಿಟೈರ್ ಆದವನು. ನಮ್ಮ ಕಾಲದಲ್ಲಿ ಜಿಪಿಎಸ್ ಇರಲಿಲ್ಲ. ಮಟ್ಟ ನೋಡುವ ದುರ್ಬೀನು ಡಂಪಿ ಲೆವೆಲ್ ಹೆಗಲ ಮೇಲೆ, ಅಳತೆ ಕೋಲು ಸ್ಟಾಫ್ ಹಿಡಿಯಲು ಒಬ್ಬ, ಕೊಡೆ ಹಿಡಿಯಲು ಒಬ್ಬ. ಹಿಂದಿನ ಓದು ಬ್ಯಾಕ್ ಸೈಟ್, ಮುಂದಿನ ಓದು ಫೋರ್ ಸೈಟ್ ಅಂತ ಪುಸ್ತಕದಲ್ಲಿ ಬರೆದುಕೊಂಡು 40–50 ಮೀಟರ್‌ಗೆ ಒಂದು ಸಲ ನಿಂತು ಹೋಗುತ್ತಿದ್ದೆವು. ಎತ್ತರ ಶುರು ಮಾಡುತ್ತಿದ್ದದ್ದು ಸರ್ವೆ ಆಫ್ ಇಂಡಿಯಾದ ಗುರುತಿನ ಕಲ್ಲಿನಿಂದ. ಆ ಕಲ್ಲುಗಳ ಮೂಲ ಕಡಲು. ಕರಾಚಿ, ಮುಂಬಯಿ, ನಮ್ಮ ಕಾರವಾರ, ಬೇಪೂರು, ಕೊಚ್ಚಿ, ನಾಗಪಟ್ಟಣ, ಮದ್ರಾಸ್, ವಿಶಾಖಪಟ್ಟಣ, ಒಡಿಶಾದ ಫಾಲ್ಸ್ ಪಾಯಿಂಟ್. ಈ 9 ಬಂದರುಗಳಲ್ಲಿ ವರ್ಷಗಟ್ಟಲೆ ಏರಿಳಿತ ಅಳೆದು, ಸರಾಸರಿಯನ್ನು ಸೊನ್ನೆ ಅಂತ 1909ರಲ್ಲಿ ಗಟ್ಟಿ ಮಾಡಿದರು.

ನಮ್ಮ ದಾರಿಯಲ್ಲಿ ಅಂಥ ಒಂದು ಕಲ್ಲು ಇತ್ತು. ರಸ್ತೆ ಅಗಲ ಮಾಡುವಾಗ ಕಂಟ್ರಾಕ್ಟರ್‌ನ ಜೆಸಿಬಿ ಅದನ್ನು ಕಿತ್ತು ಚರಂಡಿಗೆ ಹಾಕಿತು. ನಾನು ಮಧ್ಯಾಹ್ನ ಊಟಕ್ಕೆ ಹೋಗಿದ್ದೆ. ಬಂದು ನೋಡುವಷ್ಟರಲ್ಲಿ ಕಲ್ಲು ಮಗುಚಿ ಬಿದ್ದಿತ್ತು. ಎತ್ತಿ ಅದೇ ಜಾಗದಲ್ಲಿಟ್ಟರೂ ಪ್ರಯೋಜನ ಇಲ್ಲ. ಕಿತ್ತ ಕಲ್ಲಿನ ಎತ್ತರಕ್ಕೆ ಬೆಲೆ ಇಲ್ಲ. ಇವತ್ತಿಗೂ ಆ ತಿರುವಿನಲ್ಲಿ ಹೋಗುವಾಗ ಸಂಕಟ ಆಗುತ್ತದೆ.

ಅಕ್ಕ ಹೇಳಿದ ಬೆಟ್ಟದ ಎಳೆತಕ್ಕೆ ನಮ್ಮ ದೇಶದ್ದೇ ದೊಡ್ಡ ಉದಾಹರಣೆ ಇದೆ. ಉತ್ತರದಲ್ಲಿ ಕಲಿಯಾನ, ಅದರಿಂದ ಸುಮಾರು 600 ಕಿ.ಮೀ. ದಕ್ಷಿಣಕ್ಕೆ ಕಲಿಯಾನ್‌ಪುರ. ಇವೆರಡರ ನಡುವಿನ ದೂರವನ್ನು ನೆಲ ಅಳೆದು ಒಂದು ಸಲ, ತೂಗುಗುಂಡಿನ ನೇರ ಹಿಡಿದು ನಕ್ಷತ್ರ ನೋಡಿ ಒಂದು ಸಲ ತೆಗೆದರು. 5.236 ಸೆಕೆಂಡ್ ಕೋನದಷ್ಟು ವ್ಯತ್ಯಾಸ ಬಂತು (ಒಂದು ಡಿಗ್ರಿಯ 3,600ರಲ್ಲೊಂದು ಪಾಲು ಒಂದು ಸೆಕೆಂಡ್). ಹಿಮಾಲಯ ತೂಗುಗುಂಡನ್ನು ಪಕ್ಕಕ್ಕೆ ಎಳೆದಿರಬೇಕು ಅಂತ ಜಾನ್ ಹೆನ್ರಿ ಪ್ರ್ಯಾಟ್ ಅನ್ನುವ ಪಾದ್ರಿ 1855ರ ಹೊತ್ತಿಗೆ ಕೂತು ಲೆಕ್ಕ ಹಾಕಿದರು. ಹಿಮಾಲಯದ ಗಾತ್ರಕ್ಕೆ 15.885 ಸೆಕೆಂಡ್ ಎಳೆಯಬೇಕಿತ್ತು! ಎಳೆದದ್ದು ಮೂರನೇ ಒಂದು ಪಾಲು. ಬೆಟ್ಟದ ಬುಡದಲ್ಲಿ ಹಗುರ ಕಲ್ಲಿನ ಬೇರು ಆಳಕ್ಕೆ ಇಳಿದಿದೆ, ಬೆಟ್ಟ ನೀರಿನಲ್ಲಿ ಮರದ ದಿಮ್ಮಿ ತೇಲುವ ಹಾಗೆ ತೇಲುತ್ತಿದೆ ಅನ್ನುವ ವಿವರಣೆ ಜಾರ್ಜ್ ಏರಿ ಅವರದು, ಅದೂ 1855ರದ್ದೇ.

ಸೋಮವಾರಪೇಟೆ ಹುಡುಗ

ಹಾಗಾದರೆ ನಮ್ಮ ಪುಷ್ಪಗಿರಿಯೂ ತೇಲುತ್ತಿದೆಯಾ ಸರ್?

ಬೆಟ್ಟದ ಕಲ್ಲು

ಪುಷ್ಪಗಿರಿ ಒಂದೇ ಬೇರೆಯಾಗಿ ತೇಲುವುದಿಲ್ಲ. ಒಂದೊಂದು ಬೆಟ್ಟವನ್ನು ಹೊರುವಷ್ಟು ಗಟ್ಟಿ ಭೂಮಿಯ ಚಿಪ್ಪಿಗಿದೆ. ನೂರಾರು ಕಿ.ಮೀ. ಅಗಲದ ಇಡೀ ಪ್ರದೇಶ ಒಟ್ಟಿಗೆ ತೇಲುತ್ತದೆ.

ಇನ್ನು ಮುಖ್ಯ ವಿಷಯ. ನಾನು ಭೂವಿಜ್ಞಾನ ಓದಿದವನು. ಸೆಳೆತ ಅಳೆಯುವ ಯಂತ್ರ ಗ್ರಾವಿಮೀಟರ್ ಹೊತ್ತು ಘಟ್ಟದಲ್ಲಿ ಎರಡು ಸೀಸನ್ ಓಡಾಡಿದ್ದೇನೆ. ಜಿಯಾಯ್ಡ್ ಕಣ್ಣಿಗೆ ಕಾಣುವುದಿಲ್ಲ, ಮತ್ತೆ ಹೇಗೆ ಗೊತ್ತಾಗುತ್ತದೆ ಅಂತ ಯಾರೂ ಇನ್ನೂ ಕೇಳಿಲ್ಲ. ಸೆಳೆತ ಅಳೆದು.

ಯಂತ್ರ ಸುಮಾರು 8 ಕೆ.ಜಿ. ಒಳಗೆ ಒಂದು ಸ್ಪ್ರಿಂಗ್, ಅದರ ತುದಿಯಲ್ಲಿ ಸಣ್ಣ ತೂಕ. ಸೆಳೆತ ಜಾಸ್ತಿಯಾದರೆ ಸ್ಪ್ರಿಂಗ್ ಕೂದಲೆಳೆಯ ದಪ್ಪಕ್ಕಿಂತ ಎಷ್ಟೋ ಕಡಿಮೆ ಹಿಗ್ಗುತ್ತದೆ. ಅದನ್ನೂ ಅದು ಓದುತ್ತದೆ. ಅಳತೆ ಮಿಲಿಗ್ಯಾಲ್ ಲೆಕ್ಕದಲ್ಲಿ. ಭೂಮಿಯ ಒಟ್ಟು ಸೆಳೆತದ ಹತ್ತು ಲಕ್ಷದಲ್ಲಿ ಒಂದು ಪಾಲು ಅಂದುಕೊಳ್ಳಿ. ಯಂತ್ರ ತೋರಿಸುವುದು ಅದರ ಸಾವಿರದಲ್ಲೊಂದು ಪಾಲಿನವರೆಗೆ. ಒಂದು ಗೇಣು ಮೇಲೆತ್ತಿ ಇಟ್ಟರೆ ಸೆಳೆತ ಕಡಿಮೆಯಾಗಿ ಅಂಕಿ ಬದಲಾಗುತ್ತದೆ.

ಕೆಲಸ ಹೇಗೆ ಅಂದರೆ, ಮೊದಲು ಗಟ್ಟಿ ನೆಲ ಹುಡುಕಬೇಕು. ತೋಟದ ಮಣ್ಣು ಆಗುವುದಿಲ್ಲ. ಒಂದು ಸಲ ಸಿಲ್ವರ್ ಓಕ್ ಮರದ ಬುಡದಲ್ಲಿ ಇಟ್ಟಿದ್ದೆ. ಗಾಳಿಗೆ ಮರ ತೂಗುತ್ತಿತ್ತು, ಬೇರು ಅಲುಗಿ ಮಣ್ಣು ಅಲುಗಿ ಕೊನೆಯ ಎರಡು ಅಂಕಿ ಕುಣಿಯುತ್ತಲೇ ಇದ್ದವು. ಹತ್ತು ಹೆಜ್ಜೆ ಆಚೆ ಬಂಡೆಯ ಮೇಲಿಟ್ಟೆ. ಮೂರು ಕಾಲಿನ ತಿರುಪು ಒಂದೊಂದಾಗಿ ತಿರುಗಿಸಿ ಮಟ್ಟ ತಂದೆ. ಕೊಡೆ ಹಿಡಿದ ಹುಡುಗನಿಗೆ ಅಲುಗಾಡಬೇಡ ಅಂದೆ. ಒಂದು ನಿಮಿಷಕ್ಕೆ ಅಂಕಿ ನಿಂತಿತು. ಆ ನಿಮಿಷದಲ್ಲಿ ಅವನ ಕಾಲಿಗೆ ಎರಡು ಇಂಬಳ ಹತ್ತಿದ್ದವು, ಆದರೂ ಅಲುಗಾಡಲಿಲ್ಲ. ಅಂಥ ಜೊತೆಗಾರ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ.

ಬೆಳಿಗ್ಗೆ ಶುರು ಮಾಡಿದ ಜಾಗಕ್ಕೇ ಸಂಜೆ ವಾಪಸ್ ಬಂದು ಮತ್ತೆ ಓದಬೇಕು. ದಿನವಿಡೀ ಸ್ಪ್ರಿಂಗ್ ಸ್ವಲ್ಪ ಜಾರಿರುತ್ತದೆ. ಜೊತೆಗೆ ಚಂದ್ರ, ಸೂರ್ಯರ ಎಳೆತದಿಂದಲೂ 0.2–0.3 ಮಿಲಿಗ್ಯಾಲ್‌ವರೆಗೆ ಏರಿಳಿಯುತ್ತದೆ. ಎರಡನ್ನೂ ಕಳೆಯಬೇಕು.

ನಾಪೋಕ್ಲು ಗದ್ದೆ

ಆ ಅಂಕಿಯಿಂದ ಜಿಯಾಯ್ಡ್ ಹೇಗೆ ಬರುತ್ತದೆ? ಅಲ್ಲೇ ನನಗೆ ಕೊಂಡಿ ತಪ್ಪಿತು.

ಬೆಟ್ಟದ ಕಲ್ಲು

1849ರಲ್ಲಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಒಂದು ಸೂತ್ರ ಕೊಟ್ಟರು. ಇಡೀ ಭೂಮಿಯಲ್ಲಿ ಸೆಳೆತ ಇರಬೇಕಾದ್ದಕ್ಕಿಂತ ಎಷ್ಟು ಜಾಸ್ತಿ, ಎಷ್ಟು ಕಡಿಮೆ ಅಂತ ಗೊತ್ತಿದ್ದರೆ, ಯಾವ ಜಾಗದ ಜಿಯಾಯ್ಡ್ ಎತ್ತರ ಬೇಕಾದರೂ ಲೆಕ್ಕ ಹಾಕಬಹುದು. ಹತ್ತಿರದ ಅಳತೆಗೆ ತೂಕ ಜಾಸ್ತಿ, ದೂರದ್ದಕ್ಕೆ ಕಡಿಮೆ.

ಆದರೆ ಕಕ್ಕಬ್ಬೆಯವರ ಟ್ಯಾಂಕಿಗಾಗಿ ಇಡೀ ಭೂಮಿ ಅಳೆಯಲು ಆಗುತ್ತದಾ? ಅದಕ್ಕೆ ಒಂದು ದಾರಿ ಇದೆ. ದೊಡ್ಡ ಉಬ್ಬುತಗ್ಗು ಉಪಗ್ರಹಗಳಿಂದ ಆಗಲೇ ಗೊತ್ತಿದೆ. ಸೆಳೆತ ಅಳೆಯಲೆಂದೇ 2002ರಿಂದ 2017ರವರೆಗೆ ಗ್ರೇಸ್, 2009ರಿಂದ 2013ರವರೆಗೆ ಗೋಸ್ ಉಪಗ್ರಹಗಳು ಹಾರಿದವು. ಗ್ರೇಸ್ ಮತ್ತು ನೆಲದ ಅಳತೆ ಸೇರಿಸಿ ಮಾಡಿದ ಜಾಗತಿಕ ಮಾದರಿ ಇಜಿಎಂ 2008. ನಮ್ಮ ಅಳತೆಯಿಂದ ಮೊದಲು ಆ ಜಾಗತಿಕ ಪಾಲು ಕಳೆಯುತ್ತೇವೆ. ಸುತ್ತಲಿನ ಬೆಟ್ಟಗಳ ಎಳೆತವನ್ನು ಎತ್ತರದ ನಕ್ಷೆಯಿಂದ ಲೆಕ್ಕ ಹಾಕಿ ಅದನ್ನೂ ಕಳೆಯುತ್ತೇವೆ. ಉಳಿದ ಚೂರಿಗೆ ಮಾತ್ರ ಸ್ಟೋಕ್ಸ್ ಲೆಕ್ಕ. ಆಮೇಲೆ ಕಳೆದದ್ದನ್ನೆಲ್ಲ ಎತ್ತರದ ರೂಪದಲ್ಲಿ ವಾಪಸ್ ಕೂಡಿಸುತ್ತೇವೆ.

ಇಜಿಎಂ 2008ರ ಕಣ್ಣಿಗೆ ಸುಮಾರು 9 ಕಿ.ಮೀ.ಗಿಂತ ಸಣ್ಣ ವಿವರ ಕಾಣುವುದಿಲ್ಲ. ಬೆಟ್ಟದ ಬುಡದ ನಾಲ್ಕುನಾಡು ಅರಮನೆಯಿಂದ 1,748 ಮೀಟರ್‌ನ ತಡಿಯಂಡಮೋಳ್ ತುದಿಯವರೆಗಿನ ಏರೆಲ್ಲ ಆ 9 ಕಿ.ಮೀ. ಒಳಗೇ ಮುಗಿದುಹೋಗುತ್ತದೆ. ಬಯಲು ಸೀಮೆಯಲ್ಲಿ ಅಷ್ಟು ತೊಂದರೆ ಇಲ್ಲ. ಬೆಟ್ಟದ ನಾಡಿನಲ್ಲಿ ಹತ್ತಾರು ಸೆಂಟಿಮೀಟರ್ ತಪ್ಪು ಬರಬಹುದು. ಅದಕ್ಕೇ ಕೊಡಗಿನಂಥ ಕಡೆ ನೆಲದ ಮೇಲೆ ನಡೆದು, ಒತ್ತೊತ್ತಾಗಿ ಅಳೆಯಲೇಬೇಕು ಅನ್ನುವುದು ನನ್ನ ಹಠ.

ಕುಶಾಲನಗರದವನು

ಒಂದು ಸಿಕ್ಕು ಇದೆ. ಮೇಲೆ ಹೋದಂತೆ ಸೆಳೆತ ಕಡಿಮೆ ಅಂದಿರಿ. ಹಾಗಾದರೆ ಅಳೆದ ಜಾಗದ ಎತ್ತರ ಮೊದಲೇ ಗೊತ್ತಿರಬೇಕು. ಆ ಎತ್ತರಕ್ಕೆ ಜಿಯಾಯ್ಡ್ ಬೇಕು. ಜಿಯಾಯ್ಡ್‌ಗೆ ಸೆಳೆತ ಬೇಕು. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಅನ್ನೋ ಹಾಗಾಯಿತು.

ಬೆಟ್ಟದ ಕಲ್ಲು

ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ಮೀಟರ್‌ಗೆ 0.3086 ಮಿಲಿಗ್ಯಾಲ್ ಕಡಿಮೆಯಾಗುತ್ತದೆ, ಎತ್ತರ ತಪ್ಪಿದರೆ ಎಲ್ಲ ತಪ್ಪು. ಹಿಂದೆ ಆ ಸಿಕ್ಕು ನಿಜವಾಗಿ ಇತ್ತು. ಲೆವೆಲಿಂಗ್ ಮಾಡಿದ ರಸ್ತೆ ಬದಿಯಲ್ಲೇ ಜಾಸ್ತಿ ಅಳೆಯುತ್ತಿದ್ದರು. ಈಗ ಉಪಗ್ರಹದ ಎಲಿಪ್ಸಾಯ್ಡ್ ಎತ್ತರವನ್ನೇ ನೇರ ಹಾಕಿ ಲೆಕ್ಕ ಮಾಡುವ ದಾರಿ ಇದೆ. ಅದಕ್ಕೆ ಜಿಯಾಯ್ಡ್ ಬೇಕಿಲ್ಲ. ಕಕ್ಕಬ್ಬೆಯವರನ್ನು ಗಾಬರಿ ಮಾಡಿದ ಆ 1,021 ಇದೆಯಲ್ಲ, ನನ್ನ ಕೆಲಸಕ್ಕೆ ಬೇಕಾದ್ದು ಅಂಥ ಅಂಕಿಯೇ.

ಕಡಲಕರೆ

ಮಡಿಕೇರಿಯಲ್ಲಿ ಸೆಳೆತ ಕಡಿಮೆ ಅಂದರೆ ಕಾಫಿ ಮೂಟೆ ಮಂಗಳೂರಿಗೆ ಬಂದರೆ ತೂಕ ಜಾಸ್ತಿ ಆಗಬೇಕಲ್ಲ? ನಮ್ಮ ಕಡೆ ಯಾವಾಗಲೂ ಕಡಿಮೆಯೇ ಬರುತ್ತದೆ.

ಗೋಣಿಕೊಪ್ಪ ಅಕ್ಕ

ಆಗುತ್ತದೆ, ಆದರೆ 50 ಕೆ.ಜಿ. ಮೂಟೆಗೆ 10–20 ಗ್ರಾಂ ಅಷ್ಟೇ. ಅದೂ ಸ್ಪ್ರಿಂಗ್ ಅಥವಾ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಮಡಿಕೇರಿಯಿಂದ ಹೊತ್ತು ತಂದು, ಮತ್ತೆ ಸರಿಮಾಡದೆ ತೂಗಿದರೆ. ಬಟ್ಟಿನ ತಕ್ಕಡಿಯಲ್ಲಿ ವ್ಯತ್ಯಾಸವೇ ಬರುವುದಿಲ್ಲ, ಬಟ್ಟಿನ ಮೇಲೂ ಅದೇ ಸೆಳೆತ. ನಿಮ್ಮ ಮೂಟೆ ಹಗುರಾದದ್ದು ತೇವ ಆರಿ.

ನಾಪೋಕ್ಲು ಗದ್ದೆ

ದಕ್ಷಿಣ ಭಾರತವೇ ಯಾಕೆ ಇಷ್ಟು ತಗ್ಗು? ಅದನ್ನೂ ಹೇಳಿ.

ಬೆಟ್ಟದ ಕಲ್ಲು

ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಜಿಯಾಯ್ಡ್ ಸುಮಾರು 106 ಮೀಟರ್ ಕೆಳಗಿದೆ. ಪ್ರಪಂಚದಲ್ಲೇ ಅತಿ ದೊಡ್ಡ ತಗ್ಗು ಅದು. ನಾವು ಅದರ ಅಂಚಿನಲ್ಲಿದ್ದೇವೆ. ಕಾರಣದ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಅತ್ರೇಯಿ ಘೋಷ್ 2023ರಲ್ಲಿ ಕೆಲಸ ಪ್ರಕಟಿಸಿದರು. ಟೆಥಿಸ್ ಅನ್ನುವ ಹಳೆಯ ಸಾಗರದ ತಳ ಭೂಮಿಯೊಳಗೆ ಮುಳುಗಿ, ಆಫ್ರಿಕಾದ ಅಡಿಯ ಬಿಸಿ ರಾಶಿಯನ್ನು ಕದಡಿತು. ಅದರಿಂದ ಎದ್ದ ಬಿಸಿ, ಹಗುರ ಪದಾರ್ಥ ನಮ್ಮ ಕಡೆಗೆ ಹರಿದುಬಂತು. ಆ ಹಗುರತನವೇ ತಗ್ಗಿಗೆ ಕಾರಣ ಅಂತ ಅವರ ವಾದ.

ನಾಪೋಕ್ಲು ಗದ್ದೆ

ಎಲ್ಲ ಸರಿ. ಆದರೆ ಸೆಂಟಿಮೀಟರ್ ಗಟ್ಟಲೆ ಜಿಯಾಯ್ಡ್ ನಮ್ಮಂಥವರಿಗೆ ಯಾಕೆ? ಟ್ಯಾಂಕ್ ಮೇಲಿದೆ, ಶೆಡ್ ಕೆಳಗಿದೆ, ನೀರು ಇಳಿಯುತ್ತದೆ. ಸುಮ್ನೆ ಇಷ್ಟು ದೊಡ್ಡದು ಮಾಡುವುದು ಬೇಡ.

ಟೋಟಲ್ ಸ್ಟೇಷನ್

ಟ್ಯಾಂಕಿಗೆ ಬೇಡ, ಒಪ್ಪುತ್ತೇನೆ. ನಿಮ್ಮ ಗದ್ದೆಗೆ ಬೇಕು. ನಾನೇ ಅನುಭವಿಸಿದ್ದೇನೆ. ಗದ್ದೆ ಬಯಲಿನಲ್ಲಿ ಒಂದು ಕಾಲುವೆ ಮತ್ತು ಮೋರಿ ಕೆಲಸ. ಒಂದು ತಂಡ ಹಳೆಯ ಇಜಿಎಂ 96 ಮಾದರಿ ಹಾಕಿದ ರಿಸೀವರ್‌ನಲ್ಲಿ ಮೇಲ್ಭಾಗ ಅಳೆಯಿತು. ತಿಂಗಳಾದ ಮೇಲೆ ಬಂದ ತಂಡ ಇಜಿಎಂ 2008 ಹಾಕಿ ಕೆಳಭಾಗ ಅಳೆಯಿತು. ಎರಡನ್ನೂ ಒಂದೇ ಡ್ರಾಯಿಂಗ್‌ನಲ್ಲಿ ಜೋಡಿಸಿದರು. ಕಾಗದದಲ್ಲಿ ಇಳಿಜಾರು ಚೆನ್ನಾಗಿತ್ತು. ಜೂನ್‌ನಲ್ಲಿ ಮಳೆ ಹಿಡಿದಾಗ ಮೋರಿಯ ಬಾಯಲ್ಲಿ ನೀರು ನಿಂತು ಹಿಂದಕ್ಕೆ ಬಂತು. ಹತ್ತಿರದ ಇಬ್ಬರ ನಾಟಿ ಕೊಳೆಯಿತು. ಆ ಮೋರಿ ಒಡೆದು ಮತ್ತೆ ಕಟ್ಟುವಾಗ ನಾನು ಅಲ್ಲೇ ಇದ್ದೆ.

ಅಂದಾಜಿಗೆ ಹೇಳುತ್ತೇನೆ. ತೂಗುಗುಂಡು 1 ಸೆಕೆಂಡ್ ಕೋನ ವಾಲಿದರೆ ಕಿ.ಮೀ.ಗೆ ಸುಮಾರು 5 ಮಿ.ಮೀ. ವ್ಯತ್ಯಾಸ. 10 ಸೆಕೆಂಡ್ ವಾಲಿದರೆ 5 ಸೆಂ.ಮೀ. ಇಳಿಜಾರು ಕಡಿಮೆ ಇರುವ ಉದ್ದದ ಕಾಲುವೆಗೆ ಅದು ದೊಡ್ಡದು.

ನಾಪೋಕ್ಲು ಗದ್ದೆ

ನಾಟಿ ಕೊಳೆಯಿತು ಅಂದ ಮೇಲೆ ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ.

ಗೋಣಿಕೊಪ್ಪ ಅಕ್ಕ

ಒಂದು ಲೆಕ್ಕ ಮಾಡಿದೆ, ಹಂಚಿಕೊಳ್ಳದೆ ಇರಲು ಆಗುತ್ತಿಲ್ಲ. ತಲಕಾವೇರಿ 1,276 ಮೀಟರ್ ಎತ್ತರದಲ್ಲಿದೆ. ಕಾವೇರಿ ಪೂಂಪುಹಾರ್‌ನಲ್ಲಿ ಕಡಲು ಸೇರುವಾಗ ಸೊನ್ನೆ. ಆದರೆ ಪೂಂಪುಹಾರ್ ಸಮಭಾಜಕಕ್ಕೆ ಸ್ವಲ್ಪ ಹತ್ತಿರ. ಭೂಮಿಯ ಹೊಟ್ಟೆ ಅಲ್ಲಿ ಸುಮಾರು 180 ಮೀಟರ್ ಜಾಸ್ತಿ ಉಬ್ಬಿದೆ. ಹಾಗಾಗಿ ಕಾವೇರಮ್ಮ 1,276 ಮೀಟರ್ ಇಳಿದರೂ ಭೂಮಿಯ ಕೇಂದ್ರಕ್ಕೆ ಹತ್ತಿರವಾಗುವುದು ಸುಮಾರು 1,100 ಮೀಟರ್ ಮಾತ್ರ. ನಾಳೆ ಹತ್ತನೇ ಕ್ಲಾಸಿಗೆ ಇದನ್ನೇ ಕೊಡುತ್ತೇನೆ.

ಸೋಮವಾರಪೇಟೆ ಹುಡುಗ

ಅಕ್ಕ, ಸೂಪರ್! ಇನ್ನೊಂದು ಕೇಳಲಾ? 2018ರಲ್ಲಿ ನಮ್ಮ ಕಡೆ ಬೆಟ್ಟಗಳು ಜಾರಿದವು. ಗ್ರಾವಿಮೀಟರ್ ಇಟ್ಟಿದ್ದರೆ ಮೊದಲೇ ಗೊತ್ತಾಗುತ್ತಿತ್ತಾ?

ಬೆಟ್ಟದ ಕಲ್ಲು

ಇಲ್ಲ. ಆ ಆಸೆ ಹುಟ್ಟಿಸಬಾರದು. ನೆಲದಲ್ಲಿ 1 ಮೀಟರ್ ದಪ್ಪದಷ್ಟು ನೀರು ಸೇರಿದರೆ ಸುಮಾರು 0.04 ಮಿಲಿಗ್ಯಾಲ್ ಬದಲಾವಣೆ ಬರುತ್ತದೆ. ಅಷ್ಟನ್ನು ಓದಬಹುದು. ಆದರೆ ಯಾವ ಇಳಿಜಾರು ಯಾವಾಗ ಜಾರುತ್ತದೆ ಅಂತ ಅದು ಹೇಳುವುದಿಲ್ಲ. ಅದಕ್ಕೆ ಮಳೆ ಲೆಕ್ಕ, ಮಣ್ಣಿನ ದಪ್ಪ, ಬೆಟ್ಟ ಕಡಿದ ರೀತಿ ನೋಡಬೇಕು.

ಹಳೇ ಓವರ್‌ಸಿಯರ್

ಕಕ್ಕಬ್ಬೆಯವರೇ, ಇವರ ಮಾತಿನ ಮಧ್ಯೆ ನಿಮ್ಮ ಪೈಪ್ ಮರೆತುಹೋಯಿತು. ಎರಡೂ ಅಂಕಿ ಒಂದೇ ಸೊನ್ನೆಯಿಂದ ಎಣಿಸಿದ್ದು, ಹಾಗಾಗಿ 1,021ರಲ್ಲಿ 962 ಕಳೆದರೆ 59 ಮೀಟರ್. ಅಂದರೆ ಕೆಳಗೆ ಚದರ ಸೆಂ.ಮೀ.ಗೆ ಹತ್ತಿರ ಹತ್ತಿರ 6 ಕೆ.ಜಿ. ಒತ್ತಡ. 4 ಕೆ.ಜಿ. ಒತ್ತಡಕ್ಕೆಂದು ಮಾಡಿದ ಪೈಪ್ ಹಾಕಿದರೆ ವಾಲ್ವ್ ಮುಚ್ಚಿದಾಗ ಸೀಳಬಹುದು. ಕೆಳಗಿನ ಅರ್ಧಕ್ಕೆ 10 ಕೆ.ಜಿ. ಪೈಪ್ ಹಾಕಿ. ಇಲ್ಲವಾದರೆ ನಡುವೆ ಒಂದು ಚಿಕ್ಕ ತೊಟ್ಟಿ ಕಟ್ಟಿ ಒತ್ತಡ ಮುರಿಯಿರಿ. ಡಿಜಿಪಿಎಸ್ ಅಂಕಿ ಮೇಲೆ ಅನುಮಾನ ಇದ್ದರೆ ಆಟೋ ಲೆವೆಲ್ (ಡಂಪಿ ಲೆವೆಲ್‌ನ ಈಗಿನ ರೂಪ) ಬಾಡಿಗೆಗೆ ತಂದು ಟ್ಯಾಂಕಿನಿಂದ ಶೆಡ್‌ವರೆಗೆ ಒಂದು ಸಲ ಅಳೆದುಬಿಡಿ. ಅರ್ಧ ದಿನದ ಕೆಲಸ.

ಕಕ್ಕಬ್ಬೆ ಕಾಫಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಲ್ಕು ದಿನ ಬರೆಯದೇ ಇದ್ದದ್ದು ಇದೇ ಕೆಲಸದಲ್ಲಿ. ಓವರ್‌ಸಿಯರ್ ಸರ್ ಹೇಳಿದ ಹಾಗೆ ಲೆವೆಲ್ ತರಿಸಿದೆ. ಗಿಡಗಳ ಸಂದಿಯಲ್ಲಿ ಸ್ಟಾಫ್ ಕಾಣಲ್ಲ, ಒಂದೊಂದು ಕಡೆ ರೆಂಬೆ ಹಿಡಿದು ಬಗ್ಗಿಸಬೇಕಾಯಿತು. ಮಗಳು ಪುಸ್ತಕದಲ್ಲಿ ಬರೆದುಕೊಂಡಳು. 26 ಕಡೆ ಲೆವೆಲ್ ನಿಲ್ಲಿಸಿ ಇಳಿದೆವು. ಡಿಜಿಪಿಎಸ್ ಪಟ್ಟಿಯಲ್ಲಿ ಪೂರ್ತಿ ಅಂಕಿ ನೋಡಿದರೆ ವ್ಯತ್ಯಾಸ 59.05 ಮೀಟರ್ ಇತ್ತು. ಲೆವೆಲ್‌ನಲ್ಲಿ 59.02 ಬಂತು. ಆ 3 ಸೆಂಟಿಮೀಟರ್ ಬೆಟ್ಟದ ಎಳೆತವಾ?

ಬೆಟ್ಟದ ಕಲ್ಲು

ಹಾಗಂತ ಈಗಲೇ ಹೇಳಲು ಆಗುವುದಿಲ್ಲ. ಮರಗಳ ಕೆಳಗೆ ಡಿಜಿಪಿಎಸ್‌ನ ಎತ್ತರದಲ್ಲೇ ಅಷ್ಟು ತಪ್ಪು ಬರುತ್ತದೆ. ಲೆವೆಲ್‌ನಲ್ಲೂ 26 ಸಲ ಓದಿದ ಚಿಕ್ಕ ತಪ್ಪು ಸೇರಿರುತ್ತದೆ. ಕೆಳಗಿಂದ ಮೇಲಕ್ಕೆ ಇನ್ನೊಂದು ಸಲ ಹೋಗಿ ನೋಡಿ, ಅದೇ 59.02 ಬಂದರೆ ಲೆವೆಲ್ ನಂಬಬಹುದು. ಉಳಿದದ್ದಕ್ಕೆ ಸೆಳೆತ ಅಳೆಯಬೇಕು. ಟ್ಯಾಂಕ್ ಹತ್ತಿರ ಗಟ್ಟಿ ಬಂಡೆ ಇದೆಯಾ?

ಕಕ್ಕಬ್ಬೆ ಕಾಫಿ

ಇದೆ. ಒರತೆಯ ಬಲಕ್ಕೆ ಹಾಸುಬಂಡೆ. ಇವತ್ತೇ ಅದರ ಮೇಲೆ ಕೆಂಪು ಪೇಂಟ್‌ನಲ್ಲಿ ಗುರುತು ಹಾಕಿದೆವು. ಶೆಡ್ ಮುಂದಿನ ಕಣದ ಸಿಮೆಂಟ್ ಮೇಲೂ ಒಂದು ಹಾಕಿದ್ದೇವೆ. ಕೊಯ್ಲು ಮುಗಿದು ಫೆಬ್ರವರಿಯಲ್ಲಿ ಬನ್ನಿ. ಊಟ, ಉಳಿಯುವುದು ನಮ್ಮ ಮನೆಯಲ್ಲೇ. ಕೊಡೆ ನಾನು ಹಿಡಿಯುತ್ತೇನೆ.

ಬೆಟ್ಟದ ಕಲ್ಲು

ಖಂಡಿತ ಬರುತ್ತೇನೆ. ಆನೆ ಓಡಾಟ ಇದ್ದರೆ ಹಿಂದಿನ ದಿನ ಫೋನ್ ಮಾಡಿ ತಿಳಿಸಿ. ಬೆಳಿಗ್ಗೆ ಏಳಕ್ಕೆ ಕಣದಲ್ಲಿ ಮೊದಲ ಓದು ತೆಗೆಯೋಣ.

ಗೋಣಿಕೊಪ್ಪ ಅಕ್ಕ

ಭಾನುವಾರ ಆದರೆ ನಾನೂ ನಾಲ್ಕು ಮಕ್ಕಳನ್ನು ಕರೆದುಕೊಂಡು ಬರಲಾ?

ಕಕ್ಕಬ್ಬೆ ಕಾಫಿ

ಬನ್ನಿ ಮೇಡಂ. ಇಂಬಳಕ್ಕೆ ಹಚ್ಚಲು ಸುಣ್ಣ, ಹೊಗೆಸೊಪ್ಪು ಇಟ್ಟಿರುತ್ತೇನೆ.